ಕಾಗದ ಸುತ್ತಿದ ನಲವತ್ತು ಗುಂಡುಗಳು

ಅಪ್ಪ ಒಳ್ಳೆಯ ಗುರಿಕಾರ ಎಂದು ಅಮೆರಿಕದ ಶ್ಯಾಂಟಿಲಿಯ ಹಳೆಯ ಕನ್ನಡಿಗ ಅಂಕಲ್‌ಗಳು ಇವತ್ತಿಗೂ ಹೇಳುತ್ತಾರೆ. ಯಾರದಾದರೂ ಗೃಹಪ್ರವೇಶದಲ್ಲಿ ನಾನು ಕಣ್ಣಿಗೆ ಬಿದ್ದರೆ ಸಾಕು, ನಿಮ್ಮಪ್ಪ ಇನ್ನೂರು ಗಜ ದೂರದಿಂದ ಚಹಾದ ಬಸಿ ಹೊಡೆಯುತ್ತಿದ್ದ ನೋಡು ಎಂದು ಶುರು ಮಾಡುತ್ತಾರೆ. ನಾನು ನಕ್ಕು, ತಟ್ಟೆ ಹಿಡಿದುಕೊಂಡು, ಬೇರೆ ಕಡೆ ಹೋಗುತ್ತೇನೆ. ಹಾಗೆ ನಗುವುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಟ್ರಿಗರ್ ಎಳೆದವನು ಅಪ್ಪ, ನಿಜ. ಆದರೆ ಆ ಗುಂಡು ನೆಟ್ಟಗೆ ಹೋಗುವ ಹಾಗೆ ಮಾಡಿದ್ದು ನನ್ನ ಬೆರಳು. ಅದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ. ಹಾಗಾಗಿ ಈಗ ನಾನು ಹೇಳುತ್ತೇನೆ. ನಮ್ಮ ಧಾರವಾಡದ ಕಡೆ ಅಪ್ಪನನ್ನು ಏಕವಚನದಲ್ಲಿ ಕರೆಯುವುದು ಸಲಿಗೆಯಿಂದ. ಈ ಅಧ್ಯಾಯದಲ್ಲಿ ಅದು ಬರೀ ಸಲಿಗೆ ಅಂದುಕೊಳ್ಳಬೇಡಿ.

ನಮ್ಮದು ಒಂದಕ್ಕೊಂದು ಅಂಟಿಕೊಂಡ ಎಂಟು ಮನೆಗಳ ಸಾಲಿನಲ್ಲಿ ಕೊನೆಯ ಮನೆ. ಡಲ್ಲೆಸ್ ವಿಮಾನ ನಿಲ್ದಾಣ ಹತ್ತಿರವೇ ಇದ್ದುದರಿಂದ ಊಟದ ನಡುವೆ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ನಾವು ಮಾತು ನಿಲ್ಲಿಸಿ, ವಿಮಾನ ಹೋದ ಮೇಲೆ ಬಿಟ್ಟಲ್ಲಿಂದ ಜಗಳ ಮುಂದುವರಿಸುತ್ತಿದ್ದೆವು. ಅಪ್ಪ ಎಂಜಿನಿಯರ್, ಸರಕಾರದ ಕಾಂಟ್ರ್ಯಾಕ್ಟ್ ಹಿಡಿದ ಒಂದು ಕಂಪನಿಯಲ್ಲಿ ಕೆಲಸ. ಅಲ್ಲಿಂದಲೇ ಈ ಹುಚ್ಚು ಅಂಟಿಕೊಂಡಿತು. ಅವನ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟ್ ಅಂಕಲ್ ಎಂಬ ಮುದುಕ ಒಂದು ಭಾನುವಾರ ಅವನನ್ನು ಪಶ್ಚಿಮಕ್ಕೆ, ಗುಡ್ಡಗಳ ಕಡೆ, ಒಂದು ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋದ. ಅಲ್ಲಿ ಹಳೆಯ ಕಾಲದ ಮಾದರಿಯ ಉದ್ದನೆಯ ರೈಫಲ್‌ಗಳಲ್ಲಿ, ಒಂದು ಸಲಕ್ಕೆ ಒಂದೇ ಗುಂಡು ತುಂಬಿ, ಕರಿಮದ್ದಿನಲ್ಲಿ ಗುರಿ ಹೊಡೆಯುವವರ ಗುಂಪೊಂದಿತ್ತು. ಅಪ್ಪ ಮನೆಗೆ ಬಂದಾಗ ಅವನ ಅಂಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ವಾರ ನೋಡಿ ಬಳಸುತ್ತಿದ್ದ ಅವ್ವ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಗ್ಯಾರೇಜಿಗೆ ಎಸೆದಳು. ಎರಡು ತಿಂಗಳಲ್ಲಿ ರೈಫಲ್ ಬಂತು, ಅದರ ಹಿಂದೆ ಸೀಸ ಕರಗಿಸುವ ಪಾತ್ರೆ ಬಂತು, ಗುಂಡು ಎರಕ ಹೊಯ್ಯುವ ಅಚ್ಚು ಬಂತು. ಕೊನೆಗೆ, ತೆಳ್ಳನೆಯ ಹತ್ತಿ ಕಾಗದದ ಒಂದು ರಟ್ಟಿನ ಡಬ್ಬಿ ಬಂತು. ಹಿಂದೆ ಆಫೀಸುಗಳಲ್ಲಿ ಟೈಪ್‌ರೈಟರ್‌ಗೆ ಬಳಸುತ್ತಿದ್ದ ಕಾಗದ ಅದು. ಎಲ್ಲರೂ ಕಂಪ್ಯೂಟರ್ ತಗೊಂಡಿದ್ದರಿಂದ ಅಂಗಡಿಯವನು ಕಡಿಮೆ ಬೆಲೆಗೆ ಕೊಟ್ಟನಂತೆ.

ಈ ಕಾಗದವನ್ನು ಗುಂಡಿಗೆ ಅಂಗಿಯ ಹಾಗೆ ತೊಡಿಸಬೇಕು. ಬರಿ ಸೀಸದ ಗುಂಡು ನಳಿಕೆಯ ಉಕ್ಕಿಗೆ ಉಜ್ಜಿ ಅಲ್ಲಲ್ಲಿ ಸೀಸ ಬಿಟ್ಟುಹೋಗುತ್ತದೆ, ಗುರಿ ಕೆಡುತ್ತದೆ. ಕಾಗದ ಸುತ್ತಿದರೆ ಉಕ್ಕಿಗೆ ತಾಗುವುದು ಕಾಗದ ಮಾತ್ರ. ನಳಿಕೆಯ ಬಾಯಿ ದಾಟಿದ ಕೂಡಲೇ ಕಾಗದ ಹರಿದು ಉದುರಬೇಕು, ಬೆತ್ತಲೆ ಗುಂಡು ಮುಂದೆ ಹೋಗಬೇಕು. ಅಷ್ಟೇ ಶಾಸ್ತ್ರ. ಆದರೆ ಆ ಅಷ್ಟರಲ್ಲಿ ಅಪ್ಪನ ಎಂಜಿನಿಯರಿಂಗ್ ಎಲ್ಲ ಮುಳುಗಿಹೋಯಿತು. ಕಾಗದವನ್ನು ಓರೆಯಾಗಿ ಪಟ್ಟಿ ಕತ್ತರಿಸಬೇಕು, ಒದ್ದೆ ಮಾಡಬೇಕು, ಗುಂಡಿಗೆ ಸರಿಯಾಗಿ ಎರಡು ಸುತ್ತು ಸುತ್ತಬೇಕು. ಎರಡು ತುದಿಗಳು ಒಂದರ ಮೇಲೊಂದು ಏರಬಾರದು, ನಡುವೆ ಸಂದಿಯೂ ಉಳಿಯಬಾರದು. ಹಿಂದೆ ಉಳಿದ ಬಾಲವನ್ನು ತಿರುಚಿ ಒಳಗೆ ಮಡಿಸಬೇಕು. ಒಣಗುವಾಗ ಕಾಗದ ಬಿಗಿದುಕೊಂಡು ಗುಂಡನ್ನು ಹಿಡಿಯುತ್ತದೆ. ಅಪ್ಪನ ಬೆರಳುಗಳು ದಪ್ಪ. ಅವನು ಸುತ್ತಿದ್ದು ಹಾಸಿಗೆ ಸುರುಳಿ ಸುತ್ತಿದ ಹಾಗೆ ಕಾಣುತ್ತಿತ್ತು. ಒಂದು ಸಂಜೆ ನಾನು ಸುಮ್ಮನೆ ಒಂದು ಸುತ್ತಿ ಕೊಟ್ಟೆ. ಅವನು ಮೈಕ್ರೋಮೀಟರ್ ಹಿಡಿದು ಅಳೆದ, ತಿರುಗಿಸಿ ಮತ್ತೆ ಅಳೆದ, ನನ್ನ ಮುಖ ನೋಡಿದ. ನನಗೆ ಆಗ ಹದಿಮೂರು. ಆ ನೋಟಕ್ಕೆ ನಾನು ಎಷ್ಟು ಉಬ್ಬಿಹೋದೆ ಅಂದರೆ, ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ವಾಲ್ಟ್ ಅಂಕಲ್ ಹೇಳಿಕೊಟ್ಟದ್ದು, ಕಾಗದವನ್ನು ನಾಲಗೆಯಿಂದ ನೆಕ್ಕಿ ಒದ್ದೆ ಮಾಡಿ ಸುತ್ತಬೇಕು ಅಂತ. ಅಷ್ಟೇ ತೇವ ಸಾಕು, ಹೆಚ್ಚಾದರೆ ಕಾಗದ ಹರಿಯುತ್ತದೆ. ನಾನು ಊಟದ ಟೇಬಲ್ಲಿನ ಮುಂದೆ ಕೂತು ಮೊದಲ ಪಟ್ಟಿಯನ್ನು ನೆಕ್ಕಿದ್ದೇ ತಡ, ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದೇ ಬಂದಳು.

"ಎಂಜಲಾ? ಉಣ್ಣೂ ಟೇಬಲ್ ಮ್ಯಾಲೆ ಎಂಜಲ ಹಚ್ಲಿಕತ್ತೀಯಾ? ಏನ್ರೀ, ನೀವರ ಹೇಳಬಾರದೇನು?"

"ಅವರ ಪದ್ಧತಿ ಹಂಗದ," ಅಂದ ಅಪ್ಪ.

"ಅವರ ಪದ್ಧತಿ ಅವರ ಮನ್ಯಾಗಿರ್ಲಿ. ನೀರು ಕೊಡ್ತೀನಿ, ನೀರಿನ್ಯಾಗ ಮಾಡ್ರಿ."

ನೀರಿನಲ್ಲಿ ಸುತ್ತಿದರೆ ಒಣಗುವ ತನಕ ತುದಿ ಬಿಚ್ಚಿಕೊಳ್ಳುತ್ತಿತ್ತು. ನಾನು ಒದ್ದಾಡುವುದನ್ನು ಎರಡು ದಿನ ನೋಡಿದ ಅವ್ವ, ಮೂರನೆಯ ದಿನ ಅನ್ನ ಬಸಿದ ಗಂಜಿಯನ್ನು ಒಂದು ಬಟ್ಟಲಲ್ಲಿ ತಂದಿಟ್ಟಳು. ಹತ್ತಿಯ ಸೀರೆಗೆ ಗಂಜಿ ಹಾಕಿ ಗರಿಗರಿ ಮಾಡುವವಳು ಅವಳು, ಕಾಗದವೂ ಹತ್ತಿಯದೇ ಅಂತ ಕೇಳಿಸಿಕೊಂಡಿದ್ದಳು. ಗಂಜಿಯಲ್ಲಿ ಅದ್ದಿ ಸುತ್ತಿದ ಗುಂಡುಗಳು ಎಷ್ಟು ಚೆಂದ ಕೂತವು! ನೆರಿಗೆಯಿಲ್ಲ, ಸಂದಿಯಿಲ್ಲ, ಬೆಳ್ಳಗೆ ನುಣ್ಣಗೆ ಸಾಲಾಗಿ ನಿಂತಿದ್ದವು. ಅಪ್ಪ ಅವ್ವನನ್ನು ಹೊಗಳಿದ. ಮದುವೆಯಾದ ಮೇಲೆ ಅವನು ಅವಳನ್ನು ಹೊಗಳಿದ್ದು ಅದೇ ಮೊದಲಿರಬೇಕು, ಅವಳು ನಾಚಿಕೊಂಡು ಒಳಗೆ ಹೋದಳು.

ಆ ವಸಂತವಿಡೀ ಅಪ್ಪನ ಗುಂಡುಗಳು ದಿಕ್ಕೆಟ್ಟು ಹೋದವು. ಮೂರು ಒಂದೇ ಕಡೆ ಬಿದ್ದರೆ ನಾಲ್ಕನೆಯದು ಗುರಿಹಲಗೆಯನ್ನೇ ಮುಟ್ಟುತ್ತಿರಲಿಲ್ಲ. ಅವನು ಮದ್ದಿನ ತೂಕ ಬದಲಿಸಿದ, ಸೀಸಕ್ಕೆ ತವರ ಹೆಚ್ಚಿಸಿದ, ಕಡಿಮೆ ಮಾಡಿದ, ಪ್ರತಿ ಹೊಡೆತದ ನಂತರ ನಳಿಕೆಗೆ ಒದ್ದೆ ಬಟ್ಟೆ ಹಾಕಿ ಮಸಿ ಒರೆಸಿದ. ಯಾವುದೂ ಆಗದಿದ್ದಾಗ ಸಂಜೆ ಮನೆಗೆ ಬಂದು ನನ್ನನ್ನು ಹಿಡಿದುಕೊಂಡ. ರೊಟ್ಟಿ, ಝುಣಕ, ಶೇಂಗಾ ಚಟ್ನಿ ಎಲ್ಲ ಟೇಬಲ್ಲಿನ ಮೇಲಿರುತ್ತಿತ್ತು. ಅವನು ಉಳಿದ ಗುಂಡುಗಳ ಡಬ್ಬಿಯನ್ನು ಚಟ್ನಿಯ ಪಕ್ಕ ಇಟ್ಟು ಕೇಳುತ್ತಿದ್ದ.

"ಲಕ್ಷ್ಯ ಎಲ್ಲಿರ್ತದ ನಿಂದು? ಟಿವಿ ನೋಡ್ಕೋತ ಸುತ್ತಿದ್ಯೇನು? ಒಂದು ಕೆಲಸ ಕೊಟ್ರ ಒಂದು ಕೆಲಸ ನೀಟಾಗಿ ಮಾಡ್ಲಿಕ್ಕೆ ಬರೂದಿಲ್ಲಾ?"

ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ತಪ್ಪು ನನ್ನದೇ ಅಂತ ನಂಬಿದ್ದೆ. ಶಾಲೆಯಿಂದ ಬಂದು, ಹೋಂವರ್ಕ್ ಬಿಟ್ಟು, ಕತ್ತು ನೋಯುವ ತನಕ ಸುತ್ತುತ್ತಿದ್ದೆ. ಇನ್ನೂ ನುಣ್ಣಗೆ ಕೂರಲಿ ಅಂತ ಗಂಜಿಯನ್ನು ಇನ್ನಷ್ಟು ದಪ್ಪ ಮಾಡಿಕೊಳ್ಳುತ್ತಿದ್ದೆ. ಒಂದು ಮಗುವಿಗೆ ಮಾಡದ ತಪ್ಪನ್ನು ಹೊರಿಸಿ, ಅದು ಆ ತಪ್ಪನ್ನು ಇನ್ನೂ ಶ್ರದ್ಧೆಯಿಂದ ಮಾಡುವ ಹಾಗೆ ಮಾಡಿದರೆ ಅವರನ್ನು ಏನನ್ನಬೇಕು? ನನಗೆ ಬರುವ ಪದಗಳನ್ನು ಇಲ್ಲಿ ಬರೆಯಲಾರೆ.

ಮೇ ತಿಂಗಳ ಒಂದು ಭಾನುವಾರ ಅವನು ನನ್ನನ್ನೂ ರೇಂಜಿಗೆ ಕರೆದುಕೊಂಡು ಹೋದ. ಪ್ರೀತಿಯಿಂದಲ್ಲ. ನನ್ನ ಕೆಲಸ ಹೇಗೆ ಹಾಳಾಗಿದೆ ಅಂತ ಕಣ್ಣಾರೆ ತೋರಿಸಲು. ಗುಂಡು ಹೊಡೆಯುವುದು ನಿಂತು, ಎಲ್ಲರೂ ಗುರಿಹಲಗೆ ನೋಡಲು ನಡೆದಾಗ ನಾನು ಹಿಂದೆ ಉಳಿದೆ. ಬೆಂಚುಗಳ ಮುಂದಿನ ಹುಲ್ಲನ್ನು ನೋಡಿದೆ. ವಾಲ್ಟ್ ಅಂಕಲ್‌ನ ಬೆಂಚಿನ ಮುಂದೆ, ಹತ್ತು ಹೆಜ್ಜೆಯೊಳಗೆ, ಚೂರು ಚೂರು ಕಾಗದ ಬಿದ್ದಿತ್ತು. ಅವನ ಪಕ್ಕದವನ ಮುಂದೆಯೂ ಬಿದ್ದಿತ್ತು. ನಮ್ಮ ಬೆಂಚಿನ ಮುಂದೆ ಬರಿ ಹುಲ್ಲು. ನಾನು ಮಂಡಿಯೂರಿ ಹುಡುಕಿದೆ, ಎರಡೇ ಎರಡು ಚೂರು ಸಿಕ್ಕವು. ಹಾಗಾದರೆ ಉಳಿದ ಕಾಗದ ಎಲ್ಲಿ? ಗುಂಡಿನ ಮೇಲೆಯೇ. ಗಂಜಿಗೆ ಅಂಟಿಕೊಂಡು, ಅಂಗಿ ಕಳಚದೆ, ಇನ್ನೂರು ಗಜ ದೂರ ಪಟಪಟ ಹೊಡೆದುಕೊಳ್ಳುತ್ತ ಹೋಗಿದೆ. ನಾನು ಓಡಿಹೋಗಿ ಅಪ್ಪನ ತೋಳು ಜಗ್ಗಿದೆ.

"ಅಪ್ಪಾ, ಪೇಪರ್ ಬಿಚ್ತಾನೇ ಇಲ್ಲ. ಇಟ್ಸ್ ಸ್ಟಕ್. ಅವ್ವನ ಗಂಜಿ!"

ಅವನು ಬಂದು ಹುಲ್ಲು ನೋಡಿದ. ವಾಲ್ಟ್ ಅಂಕಲ್ ಕೂಡ ಬಂದ. ಗಂಜಿ ಅಂದರೇನು ಅಂತ ಅಪ್ಪ ಅವನಿಗೆ ಇಂಗ್ಲಿಷಿನಲ್ಲಿ ವಿವರಿಸಿದ, ಇಬ್ಬರೂ ನಕ್ಕರು. ಆ ವಿವರಣೆಯಲ್ಲಿ ಹುಲ್ಲು ನೋಡಿದವನು ಅಪ್ಪನೇ ಆಗಿದ್ದ. "ಐ ನೋಟಿಸ್ಡ್" ಅಂತ ಅವನು ಅಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ನಾನು ಅಲ್ಲೇ, ಎರಡಡಿ ದೂರದಲ್ಲಿ, ಮಂಡಿಯ ಮೇಲೆ ಹುಲ್ಲಿನ ಕಲೆ ಮಾಡಿಕೊಂಡು ನಿಂತಿದ್ದೆ. ಆದರೆ ವಾಪಸು ಬರುವಾಗ ಕಾರಿನಲ್ಲಿ ಅವನಿಗೆ ಏನನ್ನಿಸಿತೋ, ಒಂದು ಮಾತು ಕೊಟ್ಟ.

"ಶಾಲೂ, ನಾಳಿಂದ ಬರೇ ನೀರು. ಗುಂಡೆಲ್ಲಾ ಒತ್ತೊತ್ತಿಗೆ ಬಿದ್ದು ಗ್ರೂಪ್ ಸಣ್ಣದಾಯ್ತು ಅಂದ್ರ, ಅಕ್ಟೋಬರ್ ಮ್ಯಾಚಿನ್ಯಾಗ ನೀನೂ ಶೂಟ್ ಮಾಡು. ಮುಂಜಾನಿ ರೌಂಡ್ ನಿಂದು, ಇಪ್ಪತ್ತು ಗುಂಡು. ಮಧ್ಯಾಹ್ನದ್ದು ನಂದು, ಇಪ್ಪತ್ತು. ಪ್ರಾಮಿಸ್."

ಆ ಬೇಸಿಗೆಯಲ್ಲಿ ನಾನು ಸುತ್ತಿದ ಗುಂಡುಗಳಿಗೆ ಲೆಕ್ಕವಿಲ್ಲ. ಬರೀ ನೀರಿನಲ್ಲಿ ತುದಿ ನಿಲ್ಲಿಸುವ ಉಪಾಯವನ್ನು ನಾನೇ ಕಂಡುಕೊಂಡೆ. ಪಟ್ಟಿಯನ್ನು ಒದ್ದೆ ಬಟ್ಟೆಯ ನಡುವೆ ಸ್ವಲ್ಪ ಹೊತ್ತು ಇಟ್ಟು, ನೀರು ಹೀರಿ ಮೆತ್ತಗಾದ ಮೇಲೆ ಬಿಗಿಯಾಗಿ ಎಳೆದು ಸುತ್ತಿದರೆ ಅದು ತಾನೇ ನಿಲ್ಲುತ್ತದೆ. ಸುತ್ತುವ ದಿಕ್ಕು ಎಲ್ಲದಕ್ಕೂ ಒಂದೇ ಇರಬೇಕು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ತುದಿ ಏರಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಜುಲೈ ಹೊತ್ತಿಗೆ ಅಪ್ಪನ ಐದು ಗುಂಡುಗಳು ಒಂದು ಬಸಿಯಷ್ಟು ಜಾಗದೊಳಗೆ ಬೀಳತೊಡಗಿದವು. ಎರಡು ಭಾನುವಾರ ನನಗೂ ರೈಫಲ್ ಕೊಟ್ಟ. ಭುಜ ಕಪ್ಪಾಗುವ ಹಾಗೆ ಒದೆಯಿತು, ಹೊಗೆಯಲ್ಲಿ ಏನೂ ಕಾಣಲಿಲ್ಲ, ಆಮೇಲೆ ಹಲಗೆಯ ನಡುವೆ ತೂತು ಕಂಡಿತು. ನನಗೆ ಜೀವನದಲ್ಲಿ ಇನ್ನೇನೂ ಬೇಡ ಅನ್ನಿಸಿತ್ತು. ಕ್ಯಾಲೆಂಡರಿನಲ್ಲಿ ಆ ಅಕ್ಟೋಬರ್ ಭಾನುವಾರವನ್ನು ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟೆ.

ಆಗಸ್ಟಿನಲ್ಲಿ ಧಾರವಾಡದಿಂದ ಅಜ್ಜಿ ಬಂದಳು, ಅಪ್ಪನ ತಾಯಿ. ಅವಳ ಜೊತೆ ಮಡಿಯೂ ಬಂತು. ಅದೇ ತಿಂಗಳು ನಾನು ದೊಡ್ಡವಳಾದೆ. ಅಲ್ಲಿಂದ ಪ್ರತಿ ತಿಂಗಳು ಮೂರು ದಿನ ನನಗೆ ನೆಲಮಾಳಿಗೆಯೇ ಮನೆ. ಒಂದು ಚಾಪೆ, ಒಂದು ಕಂಬಳಿ, ನನ್ನದೇ ಒಂದು ತಟ್ಟೆ, ಒಂದು ಲೋಟ. ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಫ್ರಿಜ್ ಮುಟ್ಟುವ ಹಾಗಿಲ್ಲ. ಅವ್ವ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಶಾಲೆಯ ಬಸ್ಸಿನಲ್ಲಿ ಇಡೀ ಶ್ಯಾಂಟಿಲಿಯ ಮಕ್ಕಳ ನಡುವೆ ಕೂತು ಹೋಗಬಹುದು, ಸಂಜೆ ಮನೆಗೆ ಬಂದರೆ ನೀರಿನ ಹೂಜಿ ಮುಟ್ಟಬಾರದು. ಅಜ್ಜಿಯನ್ನು ನಾನು ದ್ವೇಷಿಸಿದೆ. ಈ ಮಾತನ್ನು ಮೆದು ಮಾಡಿ ಬರೆಯುವುದಿಲ್ಲ. ಅಪ್ಪನನ್ನು ಮಾತ್ರ ನನ್ನ ಪಕ್ಷದವನು ಅಂದುಕೊಂಡಿದ್ದೆ, ಯಾಕಂದರೆ ಆ ಮೂರು ದಿನ ಕೆಳಗೆ ಇಳಿದು ಬರುತ್ತಿದ್ದವನು ಅವನೊಬ್ಬನೇ. ಕಂಕುಳಲ್ಲಿ ಕಾಗದದ ಡಬ್ಬಿ, ಕೈಯಲ್ಲಿ ಗುಂಡುಗಳ ಡಬ್ಬಿ.

"ಹೆಂಗೂ ಖಾಲಿ ಕೂತೀದಿ, ಇವಿಷ್ಟು ಮಾಡಿಡು. ಅಜ್ಜಿಗೆ ಹೇಳಬ್ಯಾಡ, ಸುಮ್ನ ತಲಿ ತಿಂತಾಳ."

ಅಜ್ಜಿ ನಾನು ಕೆಳಗೆ ಓದಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದಳು. ಆ ವರ್ಷದ ಅತ್ಯುತ್ತಮ ಗುಂಡುಗಳೆಲ್ಲ ಆ ಮೂರು ಮೂರು ದಿನಗಳಲ್ಲಿ ಆದವು.

ಅಕ್ಟೋಬರ್ ಬಂತು. ಮ್ಯಾಚಿನ ಭಾನುವಾರವೇ ದಸರೆ, ಹಿಂದಿನ ದಿನ ಆಯುಧಪೂಜೆಯ ಖಂಡೇನವಮಿ. ಶುಕ್ರವಾರ ಶಾಲೆಯಿಂದ ಬಂದವಳು ನೇರವಾಗಿ ಕೆಳಗೆ ಹೋಗಬೇಕಾಯಿತು. ಚಾಪೆಯ ಮೇಲೆ ಕೂತು ಅತ್ತೆ. ಆದರೂ ಅಪ್ಪ ನಲವತ್ತು ಗುಂಡು ತಂದುಕೊಟ್ಟಾಗ ಕಣ್ಣು ಒರೆಸಿಕೊಂಡೆ. ಇಪ್ಪತ್ತು ನನ್ನವು ಅಲ್ಲವೇ? ಶುಕ್ರವಾರ ಸಂಜೆ ಇಪ್ಪತ್ತು, ಶನಿವಾರ ಬೆಳಿಗ್ಗೆ ಇಪ್ಪತ್ತು ಸುತ್ತಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಇನ್ನೇನನ್ನೂ ಮಾಡಿಲ್ಲ. ಮೇಲೆ ಖಂಡೇ ಪೂಜೆ ನಡೆಯಿತು. ಕಾರಿನ ಕೀ, ಅವ್ವನ ಈಳಿಗೆ, ಅಪ್ಪನ ಕ್ಯಾಲ್ಕುಲೇಟರ್, ನಡುವೆ ರೈಫಲ್. ಘಂಟೆಯ ಸದ್ದು, ಊದಿನಕಡ್ಡಿಯ ವಾಸನೆ, ಹೋಳಿಗೆಯ ವಾಸನೆ ಮೆಟ್ಟಿಲಿಳಿದು ನನ್ನ ತನಕ ಬಂದವು. ಹೋಳಿಗೆಯೂ ಬಂತು, ಮೆಟ್ಟಿಲ ಮೇಲೆ.

ಭಾನುವಾರ ಬೆಳಿಗ್ಗೆ ನಾನು ಶೂ ಹಾಕಿಕೊಂಡು, ಭುಜಕ್ಕೆ ಟವೆಲ್ ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ರೈಫಲ್ ಹಿಡಿದು ಬಂದ. ಮರದ ಹಿಡಿಕೆಗೆ ಕುಂಕುಮ ಹಚ್ಚಿತ್ತು.

"ಶಾಲೂ, ಇವತ್ತ ನೀ ಬ್ಯಾಡ. ಬಂದೂಕಕ್ಕ ಪೂಜಾ ಆಗೇದ. ನೀ ಮುಟ್ಟಿದ್ರ ಅಜ್ಜಿಗೆ ಬ್ಯಾಸರಾಗ್ತದ."

"ಯು ಪ್ರಾಮಿಸ್ಡ್, ಅಪ್ಪಾ."

"ಮುಂದಿನ ಸಲ ನೋಡೋಣು. ಹಟ ಮಾಡಬ್ಯಾಡ."

"ನನ್ನ ಟ್ವೆಂಟಿ ಇಲ್ಲೇ ಇಟ್ಟು ಹೋಗು, ಹಂಗಾದ್ರ."

"ಹುಚ್ಚೀ ಏನ? ಎರಡೂ ರೌಂಡ್ ನಾನ ಮಾಡ್ತೀನಿ. ಸುಮ್ನ ವೇಸ್ಟ್ ಯಾಕ?"

ನಾನು ಕಿರುಚಿದೆ. ಇಂಗ್ಲಿಷಿನಲ್ಲಿ ಕಿರುಚಿದೆ, ನನ್ನ ಕನ್ನಡದಲ್ಲಿ ಅಷ್ಟು ಸಿಟ್ಟಿಗೆ ಸಾಕಾಗುವಷ್ಟು ಮಾತಿರಲಿಲ್ಲ. ಅಜ್ಜಿ ಜಪದ ಮಣೆಯಿಂದ ಎದ್ದು ಬಂದಳು. ಅವ್ವ ಅವಳ ಹಿಂದೆ ನಿಂತಳು. ಅಜ್ಜಿ ಹತ್ತು ಅಡಿ ದೂರದಿಂದಲೇ, ಏನು ಗದ್ದಲ ಅಂತ ಕೇಳಿದಳು. ನಾನು ಡಬ್ಬಿಯ ಕಡೆ ಕೈ ತೋರಿಸಿದೆ.

"ಅಜ್ಜಿ, ಈ ಗುಂಡು ಎಲ್ಲಾ ನಾನೇ ಸುತ್ತಿದ್ದು. ಫ್ರೈಡೇ, ಸ್ಯಾಟರ್ಡೇ. ಕೆಳಗ ಕೂತು. ಅಪ್ಪಾನೇ ಕೊಟ್ಟಿದ್ದು. ಎವ್ರಿ ಮಂತ್."

ಅಜ್ಜಿ ಮಗನ ಕಡೆ ತಿರುಗಿದಳು.

"ಖರೇ ಏನೋ, ರಾಘೂ?"

"ಅವ್ವಾ, ಅದು ಬರೇ ಕಾಗದ, ಸೀಸ. ಅದಕ್ಕೆಂಥಾ ಮೈಲಿಗಿ?"

"ಹಂಗಾದ್ರ ಬಂದೂಕನೂ ಬರೇ ಕಬ್ಬಿಣ, ಕಟಿಗಿ. ಅದಕ್ಯಾಕ ಬಂತು ಮೈಲಿಗಿ?"

ಅಪ್ಪ ಗಡಿಯಾರ ನೋಡಿಕೊಂಡ. ಅಜ್ಜಿ ದನಿ ಏರಿಸಲಿಲ್ಲ.

"ನನಗ ಬ್ಯಾಸರಾಗ್ತದ ಅಂತ ನಾ ಹೇಳೀನೇನು ನಿನಗ? ನನ್ನ ಹೆಸರ ಹೇಳಿ ಹುಡುಗೀನ್ನ ಬಿಟ್ಟು ಹೋಗಬ್ಯಾಡ. ಮೈಲಿಗಿ ಅದ ಅಂದ್ರ ಗುಂಡೂ ಇಟ್ಟು ಹೋಗು. ಇಲ್ಲ ಅಂದ್ರ ಅಕೀನ್ನೂ ಕರ್ಕೊಂಡು ಹೋಗು. ಎರಡರಾಗ ಒಂದು ಮಾತಾಡು."

"ಟೈಮ್ ಆಗೇದ ಅವ್ವಾ. ಬಂದಮ್ಯಾಲೆ ಮಾತಾಡೋಣು."

ಅವನು ಡಬ್ಬಿಯನ್ನು ಎತ್ತಿಕೊಂಡ. ರೈಫಲ್ಲನ್ನು ಹಿಂದಿನ ಸೀಟಿನಲ್ಲಿ, ನಾನು ಕೂರಬೇಕಿದ್ದ ಕಡೆ, ಕಂಬಳಿಯಲ್ಲಿ ಸುತ್ತಿ ಮಲಗಿಸಿದ. ಗ್ಯಾರೇಜಿನ ಬಾಗಿಲು ಮೇಲೆ ಹೋಯಿತು, ಕೆಳಗೆ ಬಂತು. ಮೂರು ಹೆಂಗಸರು ಆ ಬಾಗಿಲನ್ನು ನೋಡುತ್ತ ನಿಂತಿದ್ದೆವು. ಎರಡು ತಿಂಗಳಿಂದ ನಾನು ಅಜ್ಜಿಯ ಮೇಲೆ ಕಾರಿದ ಸಿಟ್ಟೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಅಪ್ಪನಿಗೆ ಮಡಿಯೂ ಇರಲಿಲ್ಲ, ಮೈಲಿಗೆಯೂ ಇರಲಿಲ್ಲ. ಅವನಿಗೆ ಇದ್ದದ್ದು ನಲವತ್ತು ಒಳ್ಳೆಯ ಗುಂಡು, ಅದರಲ್ಲಿ ಇಪ್ಪತ್ತನ್ನು ಮಗಳಿಗೆ ಕೊಡಲು ಮನಸ್ಸಿಲ್ಲ. ಅದನ್ನು ಹೇಳುವ ಧೈರ್ಯವಿಲ್ಲದೆ ದೇವರನ್ನೂ ತಾಯಿಯನ್ನೂ ಮುಂದೆ ಮಾಡಿದ.

ಹೊತ್ತು ಇಳಿಯುವಾಗ ಅಜ್ಜಿ ಮೆಟ್ಟಿಲಿಳಿದು ಕೆಳಗೆ ಬಂದಳು. ಬಂದು ಎರಡು ತಿಂಗಳಾದರೂ ಅವಳು ಆ ಕೋಣೆ ನೋಡಿರಲಿಲ್ಲ. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು. ನನ್ನ ಚಾಪೆಯ ಮೇಲೆ, ನನ್ನ ಪಕ್ಕದಲ್ಲೇ ಕೂತಳು. ಕತ್ತರಿಸಿ ಉಳಿದ ಕಾಗದದ ಪಟ್ಟಿಯೊಂದನ್ನು ಕೈಯಲ್ಲಿ ತಗೊಂಡು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟಳು. ಎದ್ದು ಮೇಲೆ ಹೋದಳು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಅವ್ವ ಗಾಬರಿಯಿಂದ ಕೇಳುವುದೂ ಕೇಳಿಸಿತು.

"ಯಾಕ ಅತ್ತಿ, ಮತ್ತ ಸ್ನಾನ? ಅದೂ ತಣ್ಣೀರ?"

"ಮುಟ್ಟೀನಿ. ಮುಟ್ಟಿದಮ್ಯಾಲೆ ಮಾಡಬೇಕಲ್ಲ."

ಆ ಕಟ್ಟಳೆಯನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನನ್ನ ಮನೆಯಲ್ಲಿ, ನನ್ನ ಮಗಳಿಗೆ, ಅದರ ಹೆಸರೂ ಗೊತ್ತಿಲ್ಲ. ಆದರೆ ಆ ಮುದುಕಿ ತನ್ನ ಕಟ್ಟಳೆಯನ್ನು ತನಗೂ ಹಾಕಿಕೊಂಡಿದ್ದಳು.

ಆ ದಿನದ ನಂತರ ನಾನು ಒಂದು ಗುಂಡನ್ನೂ ಸುತ್ತಲಿಲ್ಲ. ಅಪ್ಪ ಬೈದ, ರಮಿಸಿದ, ಹೊಸ ಸೈಕಲ್ ಕೊಡಿಸುತ್ತೇನೆ ಅಂದ. ಚಳಿಗಾಲವಿಡೀ ತಾನೇ ತನ್ನ ದಪ್ಪ ಬೆರಳಲ್ಲಿ ಸುತ್ತಿದ. ಅವನ ಗುಂಡುಗಳು ಮತ್ತೆ ಹಲಗೆಯ ನಾಲ್ಕು ಮೂಲೆಗೆ ಹೋದವು. ರೈಫಲ್ ಮಾರಿದ ಮೇಲೂ ಗುರಿಕಾರ ಅನ್ನುವ ಹೆಸರು ಮಾತ್ರ ಅವನ ಬಳಿಯೇ ಉಳಿಯಿತು.

ಮ್ಯಾಚಿನ ಆ ಭಾನುವಾರ ಸಂಜೆ ಅವನು ಕೈಯಲ್ಲಿ ಒಂದು ಮರದ ಫಲಕ ಹಿಡಿದು ಬಂದ, ಎರಡನೆಯ ಬಹುಮಾನ. ಕೊಳೆತ ಮೊಟ್ಟೆಯ ವಾಸನೆ ಅವನಿಗಿಂತ ಮೊದಲೇ ಕೆಳಗೆ ಇಳಿದುಬಂತು. ಮೆಟ್ಟಿಲ ತುದಿಯಲ್ಲಿ ನಿಂತು ಹೇಳಿದ.

"ನಿನ್ನ ಕಾಗದ ಫಸ್ಟ್ ಕ್ಲಾಸ್ ಆಗಿದ್ವು ನೋಡು, ಒಂದೂ ತಪ್ಪಲಿಲ್ಲ. ವಾಲ್ಟ್ ಕೇಳಿದ, ಮಗಳೆಲ್ಲಿ ಅಂತ. ಹೊಟ್ಟಿ ನೋವು ಅಂದೆ. ಮುಂದಿನ ತಿಂಗಳಿಗೆ ಅರವತ್ತು ಬೇಕಾಗ್ತಾವ."

"ಐ ವೋಂಟ್," ಅಂದೆ.

ಅವನು ಕೇಳಿಸದವನ ಹಾಗೆ ತಿರುಗಿ ಊಟಕ್ಕೆ ಹೋದ. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತರೆ ಟೇಬಲ್ಲಿನ ಅರ್ಧ ಕಾಣುತ್ತಿತ್ತು. ಒಂದು ಕಡೆ ಅಜ್ಜಿ, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು, ಎರಡನೆಯ ಸ್ನಾನದ ಚಳಿಗೆ ಇನ್ನೂ ನಡುಗುತ್ತಿದ್ದಳು. ನನ್ನ ತಲೆಯ ಮೇಲೆ ಒಂದು ಸಲ ಕೈ ಇಟ್ಟದ್ದಕ್ಕೆ. ಇನ್ನೊಂದು ಕಡೆ ಅಪ್ಪ. ನಾನು ಸುತ್ತಿದ ನಲವತ್ತನ್ನೂ ಒಂದೊಂದಾಗಿ ಬೆರಳಲ್ಲಿ ಹಿಡಿದು ಹೊಡೆದು ಬಂದವನು, ಕೈ ಕೂಡ ತೊಳೆಯದೆ ರೊಟ್ಟಿ ಮುರಿದ.